ಮಗುವಿನ ಬಗ್ಗೆ ಆತಂಕವಿದ್ದಾಗ ಮನೆಯವರೊಡನೆ ಮಾತನಾಡುವುದು ಹೇಗೆ: ಕಾಸರಗೋಡಿನ ಅಂಗನವಾಡಿ, ಬಾಲವಾಡಿ ಶಿಕ್ಷಕಿಯರಿಗೆ

ಮೂರರಿಂದ ಆರು ವರ್ಷದ ಮಕ್ಕಳ ಜೊತೆ ದಿನದ ಬಹುಭಾಗ ಕಳೆಯುವ ಶಿಕ್ಷಕಿಗೆ, ಮನೆಯವರ ಗಮನಕ್ಕೆ ಬಾರದ ಕೆಲವು ಸಂಗತಿಗಳು ಕಾಣುತ್ತವೆ. ಮನೆಯಲ್ಲಿ ಎಲ್ಲರೂ ಮಗುವಿನ ರೀತಿಗೆ ಹೊಂದಿಕೊಂಡಿರುತ್ತಾರೆ. ಕೇಳುವ ಮೊದಲೇ ಅಜ್ಜಿ ನೀರು ಕೊಟ್ಟಿರುತ್ತಾರೆ, ಹುಡುಕುವ ಮೊದಲೇ ಅಕ್ಕ ಆಟಿಕೆ ತಂದಿಟ್ಟಿರುತ್ತಾಳೆ. ಅದೇ ಮಗು ಅಂಗನವಾಡಿಯಲ್ಲಿ ಸಮವಯಸ್ಕರ ನಡುವೆ ಕೂತಾಗ, ಕರೆದರೆ ತಿರುಗುವುದಿಲ್ಲ, ಕಥೆ ಹೇಳುವಾಗ ಚಿತ್ರ ನೋಡುವುದಿಲ್ಲ, ಮೆಟ್ಟಿಲು ಹತ್ತುವಾಗ ಒಂದೇ ಕಾಲು ಮುಂದಿಡುತ್ತದೆ ಎಂಬುದು ಶಿಕ್ಷಕಿಯ ಕಣ್ಣಿಗೆ ಬೀಳುತ್ತದೆ. ಇದನ್ನು ಹೇಳದೆ ಉಳಿದರೆ ಮಗುವಿಗೆ ಅತ್ಯಂತ ಉಪಯುಕ್ತವಾದ ವರ್ಷಗಳು ಕೈತಪ್ಪುತ್ತವೆ. ಒರಟಾಗಿ ಹೇಳಿದರೆ ಮರುದಿನದಿಂದ ಮಗು ಬರುವುದೇ ನಿಲ್ಲುತ್ತದೆ. ನಾವು ಕಂಡದ್ದನ್ನು ಕಂಡ ಹಾಗೆಯೇ, ಯಾವ ಕಾಯಿಲೆಯ ಹೆಸರನ್ನೂ ಅಂಟಿಸದೆ, ಮುಂದೆ ಎಲ್ಲಿಗೆ ಹೋಗಬಹುದು ಎಂಬುದನ್ನು ಜೊತೆಗೇ ತಿಳಿಸಿ, ಆದಷ್ಟು ಬೇಗ ಹೇಳಬೇಕು. ಅದಕ್ಕೆ ಬೇಕಾದ ಸಿದ್ಧತೆ ಮತ್ತು ಮಾತಿನ ಕ್ರಮವನ್ನು ನಮ್ಮ ಗಡಿನಾಡಿನ ಪರಿಸ್ಥಿತಿಗೆ ಹೊಂದುವಂತೆ ಇಲ್ಲಿ ವಿವರಿಸಿದ್ದೇನೆ.

ಮೊದಲು ನೋಡಿ, ಬರೆದಿಡಿ

ಮನೆಯವರನ್ನು ಕರೆಯುವ ಮೊದಲು ಎರಡು ಮೂರು ವಾರ ಮಗುವನ್ನು ಬೇರೆ ಬೇರೆ ಹೊತ್ತಿನಲ್ಲಿ ಗಮನಿಸಿ, ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಬೇಕು. ಬರೆಯುವುದು ನಡೆದದ್ದನ್ನು ಮಾತ್ರ. 'ಗಮನವೇ ಇಲ್ಲ', 'ಹಟಮಾರಿ', 'ಮಂಕು' ಎಂಬ ಮಾತುಗಳು ನಮ್ಮ ತೀರ್ಮಾನಗಳೇ ಹೊರತು ಮಗು ಮಾಡಿದ ಕೆಲಸಗಳಲ್ಲ. ಅವುಗಳ ಬದಲು ಹೀಗೆ ಬರೆಯಬಹುದು: 'ಸೋಮವಾರ ಬೆಳಿಗ್ಗೆ, ಹಿಂದಿನಿಂದ ಮೂರು ಬಾರಿ ಹೆಸರು ಕರೆದೆ, ತಿರುಗಲಿಲ್ಲ. ಎದುರಿಗೆ ಹೋಗಿ ಕೈ ಬೀಸಿದಾಗ ನಕ್ಕಿತು. ಊಟದ ಹೊತ್ತಿಗೆ ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿತು. ಮಧ್ಯಾಹ್ನ ಮರಳಿನಲ್ಲಿ ಇಪ್ಪತ್ತು ನಿಮಿಷ ಒಬ್ಬನೇ ಕೂತು ಚಿರಟೆಯಿಂದ ಗೂಡು ಕಟ್ಟಿದ.' ಇಂಥ ನಾಲ್ಕೈದು ಟಿಪ್ಪಣಿಗಳು ತಾಯಿಯ ಜೊತೆ ಮಾತನಾಡುವಾಗಲೂ ವೈದ್ಯರಿಗೆ ತೋರಿಸುವಾಗಲೂ ಯಾವ ವರದಿಗಿಂತಲೂ ಹೆಚ್ಚು ನೆರವಾಗುತ್ತವೆ. ಚಿರಟೆಯ ಗೂಡನ್ನು ಬರೆಯಲು ಮರೆಯಬಾರದು. ಮಗು ಏನನ್ನು ಚೆನ್ನಾಗಿ ಮಾಡುತ್ತದೆ ಎಂಬುದೂ ಅಷ್ಟೇ ಮುಖ್ಯವಾದ ಮಾಹಿತಿ.

ಸಹಾಯಕಿಯೂ ಇದನ್ನೇ ಕಂಡಿದ್ದಾರೆಯೇ ಎಂದು ಕೇಳಿ ನೋಡಿ, ಏಕೆಂದರೆ ಊಟ ಬಡಿಸುವಾಗ, ಕೈ ತೊಳೆಸುವಾಗ ಅವರಿಗೆ ಕಾಣುವುದು ನಮಗೆ ಕಾಣುವುದಿಲ್ಲ. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ರೂಪಿಸಿದ ಟಿ.ಡಿ.ಎಸ್.ಸಿ. ಎಂಬ ಬೆಳವಣಿಗೆಯ ಪಟ್ಟಿ ಕೈಗೆ ಸಿಕ್ಕಿದರೆ ಅದನ್ನು ಬಳಸಬಹುದು. ಮಗುವಿನ ವಯಸ್ಸಿರುವಲ್ಲಿ ಪೆನ್ಸಿಲನ್ನು ನೆಟ್ಟಗೆ ಇಟ್ಟರೆ, ಅಡ್ಡಪಟ್ಟಿ ಪೂರ್ತಿಯಾಗಿ ಅದರ ಎಡಕ್ಕೆ ಬೀಳುವ ಕೌಶಲಗಳೆಲ್ಲ ಮಗುವಿಗೆ ಆ ಹೊತ್ತಿಗೆ ಬಂದಿರಬೇಕು. ಯಾವುದಾದರೂ ಬಂದಿಲ್ಲವೆಂದಾದರೆ ಮುಂದಿನ ತಪಾಸಣೆ ಬೇಕು. ಅದು ಜರಡಿ ಹಿಡಿಯುವ ಸಾಧನವಷ್ಟೇ, ರೋಗ ನಿರ್ಣಯವಲ್ಲ ಎಂಬುದನ್ನು ನಾವೂ ನೆನಪಿಡಬೇಕು, ಮನೆಯವರಿಗೂ ಹೇಳಬೇಕು.

ಕೆಲವು ಸಂದರ್ಭಗಳಲ್ಲಿ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ಮೊದಲು ಆಡುತ್ತಿದ್ದ ಮಾತು ಅಥವಾ ನಡೆಯುತ್ತಿದ್ದ ನಡಿಗೆ ಹಿಂದೆ ಸರಿದರೆ, ಮಗು ಮತ್ತೆ ಮತ್ತೆ ಕೆಲವು ಕ್ಷಣ ಶೂನ್ಯವಾಗಿ ನೋಡುತ್ತ ನಿಂತರೆ, ಅಪಸ್ಮಾರದಂತೆ ಕಂಡರೆ, ಅದೇ ದಿನ ಮನೆಯವರಿಗೆ ತಿಳಿಸಿ ವೈದ್ಯರ ಬಳಿಗೆ ಕಳುಹಿಸಬೇಕು.

ಹಲವು ಭಾಷೆಗಳ ನಡುವಿನ ಮಗು

ಮಾತು ತಡವಾಗಿದೆಯೇ ಎಂದು ತೀರ್ಮಾನಿಸುವುದು ಬೇರೆ ಊರುಗಳಲ್ಲಿಗಿಂತ ನಮ್ಮಲ್ಲಿ ಕಷ್ಟ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಒಂದೇ ಅಂಗನವಾಡಿಯಲ್ಲಿ ತುಳು, ಬ್ಯಾರಿ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲಯಾಳಂ ಮನೆಮಾತಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮತ್ತು ಅಂಗಡಿಯಲ್ಲಿ ಮಲಯಾಳಂ ಕೇಳುವ ಮಗು ಹೊಸ ಜಾಗಕ್ಕೆ ಬಂದ ಮೇಲೆ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಬಾಯಿ ಬಿಡದೆ ಕೇಳಿಸಿಕೊಳ್ಳುತ್ತಲೇ ಇರುವುದು ಸಹಜ. ಅದನ್ನು ದೋಷವೆಂದು ಮನೆಯವರಿಗೆ ಹೇಳಿದರೆ ಸುಮ್ಮನೆ ಹೆದರಿಸಿದಂತಾಗುತ್ತದೆ. ಆದರೆ ಇದರ ಇನ್ನೊಂದು ಮುಖ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ: 'ನಮ್ಮ ಕಡೆ ಭಾಷೆ ಜಾಸ್ತಿ, ಹಾಗಾಗಿ ಮಾತು ತಡ' ಎಂದು ಶಿಕ್ಷಕಿಯೂ, ಮನೆಯವರೂ, ಕೆಲವೊಮ್ಮೆ ವೈದ್ಯರೂ ಸಮಾಧಾನ ಹೇಳಿಕೊಂಡು ನಿಜವಾದ ತೊಂದರೆಯನ್ನು ವರ್ಷಗಟ್ಟಲೆ ಮುಂದೂಡುತ್ತಾರೆ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ.

ಇವೆರಡನ್ನು ಬೇರ್ಪಡಿಸಲು ಮನೆಯವರ ಸಹಾಯ ಬೇಕೇ ಬೇಕು. ಮಗು ಮನೆಯಲ್ಲಿ, ಮನೆಮಾತಿನಲ್ಲಿ, ಏನೇನು ಹೇಳುತ್ತದೆ ಎಂದು ಒಂದು ವಾರ ಬರೆದಿಡಲು ಕೇಳಿಕೊಳ್ಳಿ. ಅಕ್ಷರ ಬಾರದ ಅಜ್ಜಿಯಾದರೆ ನಾವೇ ಕೇಳಿ ಬರೆದುಕೊಳ್ಳೋಣ. ಎಲ್ಲ ಭಾಷೆಗಳ ಪದಗಳನ್ನೂ ಒಟ್ಟಿಗೆ ಎಣಿಸಬೇಕು, ಯಾವುದನ್ನೂ ಬಿಡಬಾರದು. ಹೆಸರು ಕರೆದರೆ ತಿರುಗುವುದು ಒಂದು ವರ್ಷದ ಹೊತ್ತಿಗೆ, ಬೇಕಾದ್ದನ್ನು ಬೆರಳಿನಿಂದ ತೋರಿಸುವುದು ಒಂದೂವರೆ ವರ್ಷದೊಳಗೆ, ಎರಡು ಪದ ಸೇರಿಸಿ ಹೇಳುವುದು ಎರಡು ವರ್ಷಕ್ಕೆ, ಚಿಕ್ಕ ವಾಕ್ಯಗಳನ್ನು ಆಡುವುದು ಮೂರು ವರ್ಷಕ್ಕೆ ಬರಬೇಕೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ, ಮತ್ತು ಇದು ಯಾವ ಭಾಷೆಯ ಮಗುವಿಗಾದರೂ ಒಂದೇ. ಮನೆಯಲ್ಲಿ ತುಳುವಿನಲ್ಲಿ ಚಟಪಟ ಮಾತಾಡಿ ಅಂಗನವಾಡಿಯಲ್ಲಿ ಮೌನವಾಗಿರುವ ಮಗುವಿಗೆ ನಾವು ಸಮಯ ಕೊಡಬೇಕು, ಸಾಧ್ಯವಾದರೆ ತುಳುವಿನಲ್ಲೇ ಮಾತನಾಡಿಸಬೇಕು. ಮನೆಯಲ್ಲೂ ಮಾತಿಲ್ಲ, ಬೆರಳು ತೋರಿಸುವುದಿಲ್ಲ, ಬೇರೆಯವರ ಮುಖ ನೋಡಿ ಆಡುವುದಿಲ್ಲ ಎಂದಾದರೆ ಅದಕ್ಕೆ ಭಾಷೆಗಳ ಸಂಖ್ಯೆ ಕಾರಣವಲ್ಲ.

ಮಾತು ತಡವಾದ ಪ್ರತಿಯೊಂದು ಮಗುವಿಗೂ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ದೊಡ್ಡ ಸದ್ದಿಗೆ ಬೆಚ್ಚುವ ಮಗುವಿಗೆ ಮೆಲ್ಲನೆಯ ಮಾತು ಕೇಳಿಸದಿರಬಹುದು. ಮಳೆಗಾಲದುದ್ದಕ್ಕೂ ಶೀತ, ಕಿವಿಸೋರಿಕೆ ಇರುವ ಮಕ್ಕಳಲ್ಲಿ ಕೇಳಿಸುವುದು ವಾರದಿಂದ ವಾರಕ್ಕೆ ಏರಿಳಿಯಬಹುದು. 'ಸದ್ದಿಗೆ ತಿರುಗುತ್ತಾನಲ್ಲ, ಕಿವಿ ಸರಿಯಿದೆ' ಎಂಬ ಮಾತಿನಲ್ಲಿ ಎಷ್ಟೋ ಮಕ್ಕಳ ಪರೀಕ್ಷೆ ತಪ್ಪಿಹೋಗುತ್ತದೆ. ಇನ್ನು, ಮನೆಮಾತನ್ನು ಬಿಟ್ಟು ಒಂದೇ ಭಾಷೆಯಲ್ಲಿ ಮಾತಾಡಿ ಎಂದು ಯಾವ ಕಾರಣಕ್ಕೂ ಸಲಹೆ ಕೊಡಬಾರದು. ಅಜ್ಜಿಗೆ ಬರುವುದು ತುಳು ಒಂದೇ ಆಗಿದ್ದರೆ, ಆ ಸಲಹೆಯಿಂದ ಮಗುವಿನೊಡನೆ ಅತಿ ಹೆಚ್ಚು ಮಾತಾಡುವ ವ್ಯಕ್ತಿಯೇ ಬಾಯಿ ಮುಚ್ಚಿದಂತಾಗುತ್ತದೆ.

ಯಾರೊಡನೆ, ಎಲ್ಲಿ, ಯಾವಾಗ

ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದ ತಾಯಿಯೊಡನೆ ಬಾಗಿಲಲ್ಲಿ ನಿಂತು ಇಂಥ ವಿಷಯ ಹೇಳಬಾರದು. ತಾಯಂದಿರ ಸಭೆಯಲ್ಲಿ, ಕುಟುಂಬಶ್ರೀ ಸದಸ್ಯರ ಎದುರಲ್ಲಿ, ಮದುವೆ ಮನೆಯಲ್ಲಿ ಸಿಕ್ಕಾಗ ಎತ್ತುವುದಂತೂ ಕೂಡದು. ನಾವೂ ಅದೇ ವಾರ್ಡಿನವರು, ಬಹುಪಾಲು ಮನೆಗಳಿಗೆ ನೆಂಟರೋ ನೆರೆಯವರೋ ಆಗಿರುತ್ತೇವೆ; ಹಾಗಾಗಿ ಈ ಮಾತು ನಮ್ಮಿಂದ ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆಯನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ ಕೊಡಬೇಕಾಗುತ್ತದೆ. ಮಕ್ಕಳೆಲ್ಲ ಹೋದ ಮೇಲೆ, ಅರ್ಧ ಗಂಟೆ ಬಿಡುವಿರುವ ದಿನ ಗೊತ್ತುಮಾಡಿ. ಮಗುವಿನ ಎದುರಲ್ಲೂ ಬೇಡ. ಮಾತು ಬಾರದ ಮಗುವಿಗೆ ಅರ್ಥವಾಗುವುದಿಲ್ಲ ಎಂದು ಎಣಿಸುವುದು ತಪ್ಪು.

ತಾಯಿಯೊಬ್ಬಳನ್ನೇ ಕರೆದು ಹೇಳಿ ಕಳುಹಿಸುವುದು ನಮ್ಮಲ್ಲಿ ರೂಢಿ, ಆದರೆ ಅದು ಆಕೆಗೆ ನ್ಯಾಯವಲ್ಲ. ಮನೆಗೆ ಹೋಗಿ ಅತ್ತೆಗೂ ಗಲ್ಫಿನಲ್ಲಿರುವ ಗಂಡನಿಗೂ ಈ ಸುದ್ದಿಯನ್ನು ಆಕೆಯೇ ಮುಟ್ಟಿಸಬೇಕು, ಅವರ ಪ್ರಶ್ನೆಗಳಿಗೆಲ್ಲ ಆಕೆಯೇ ಉತ್ತರ ಕೊಡಬೇಕು, ಬಹಳ ಸಲ ದೂರೂ ಆಕೆಯ ಮೇಲೆಯೇ ಬರುತ್ತದೆ: ಬಸುರಿಯಾಗಿದ್ದಾಗ ಸರಿಯಾಗಿ ಉಣ್ಣಲಿಲ್ಲ, ಮೊಬೈಲ್ ಕೊಟ್ಟು ಹಾಳುಮಾಡಿದಳು ಎಂದು. ಆದುದರಿಂದ, 'ನಿಮ್ಮ ಜೊತೆ ಯಾರು ಬಂದರೆ ಅನುಕೂಲ?' ಎಂದು ಆಕೆಯನ್ನೇ ಕೇಳಿ. ತಂದೆ ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದರೆ, ಅವರ ಕೆಲಸದ ಹೊತ್ತು ನೋಡಿಕೊಂಡು ವಿಡಿಯೋ ಕರೆಯಲ್ಲಿ ಸೇರಿಸಿಕೊಳ್ಳಬಹುದು. ಟೀಚರ ಬಾಯಿಂದಲೇ ಕೇಳಿದ ತಂದೆ ಮುಂದಿನ ನಿರ್ಧಾರಕ್ಕೆ ಬೇಗ ಒಪ್ಪುತ್ತಾರೆ. ಮನೆಯ ತೀರ್ಮಾನ ಅಜ್ಜಿಯ ಕೈಯಲ್ಲಿದ್ದರೆ ಅಜ್ಜಿಯನ್ನು ಬಿಟ್ಟು ಮಾಡಿದ ಮಾತುಕತೆ ವ್ಯರ್ಥ.

ಮಾತಿನ ಕ್ರಮ

ಮೊದಲು ಮಗುವಿನ ಬಗ್ಗೆ ನಮಗೆ ನಿಜವಾಗಿಯೂ ಸಂತೋಷ ಕೊಟ್ಟ ಒಂದು ಸಂಗತಿಯನ್ನು ಹೇಳಿ. ಅನಂತರ ಕೇಳಿ, ಹೇಳಬೇಡಿ: 'ಮನೆಯಲ್ಲಿ ಹೇಗಿರುತ್ತಾನೆ? ಏನಾದರೂ ಬೇಕಾದರೆ ಹೇಗೆ ತಿಳಿಸುತ್ತಾನೆ?' ಬಹಳಷ್ಟು ತಾಯಂದಿರು ಆ ಒಂದು ಪ್ರಶ್ನೆಗಾಗಿಯೇ ತಿಂಗಳುಗಳಿಂದ ಕಾದಿರುತ್ತಾರೆ. ಅವರ ಮನಸ್ಸಿನಲ್ಲೂ ಅದೇ ಅನುಮಾನ ಇರುತ್ತದೆ, ಹೇಳಿಕೊಳ್ಳಲು ಯಾರೂ ಇರುವುದಿಲ್ಲ. ಅವರು ಹೇಳಿ ಮುಗಿಸಿದ ಮೇಲೆ ನಾವು ಕಂಡದ್ದನ್ನು ಪುಸ್ತಕ ನೋಡಿಯೇ ಹೇಳೋಣ.

'ಇವನಿಗೆ ಮರಳಿನಲ್ಲಿ ಆಡುವುದೆಂದರೆ ಬಹಳ ಇಷ್ಟ, ಎಷ್ಟು ಚೆಂದ ಗೂಡು ಕಟ್ಟುತ್ತಾನೆ. ಒಂದು ವಿಷಯ ಮಾತ್ರ ನಿಮ್ಮ ಹತ್ತಿರ ಮಾತಾಡಬೇಕು ಅನ್ನಿಸಿತು. ಹಿಂದಿನಿಂದ ಕರೆದರೆ ಹೆಚ್ಚಿನ ಸಲ ತಿರುಗುವುದಿಲ್ಲ. ಕಳೆದ ಎರಡು ವಾರ ಗಮನಿಸಿದೆ, ಇಲ್ಲಿ ಬರೆದಿಟ್ಟಿದ್ದೇನೆ. ಕಾರಣ ಏನೆಂದು ಹೇಳಲು ನಾನು ಡಾಕ್ಟರಲ್ಲ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿದರೆ ನಮಗಿಬ್ಬರಿಗೂ ಗೊತ್ತಾಗುತ್ತದೆ. ಎಲ್ಲಿ, ಯಾವಾಗ ಎಂದು ನಾನು ಕೇಳಿಟ್ಟಿದ್ದೇನೆ.' ಇಷ್ಟು ಹೇಳಿ ಸುಮ್ಮನಿರಬೇಕು. ಆ ಮೌನವನ್ನು ತುಂಬಲು ಹೊರಟಾಗಲೇ ನಾವು 'ಏನೂ ಆಗುವುದಿಲ್ಲ ಬಿಡಿ' ಎಂಬ ಆಧಾರವಿಲ್ಲದ ಸಮಾಧಾನವನ್ನೋ 'ನನಗೆ ಆಟಿಸಂ ಅನ್ನಿಸುತ್ತದೆ' ಎಂಬ ಅಧಿಕಾರವಿಲ್ಲದ ತೀರ್ಪನ್ನೋ ಕೊಟ್ಟುಬಿಡುತ್ತೇವೆ. ಬೇರೆ ಮಗುವಿನ ಹೋಲಿಕೆಯಂತೂ ಬೇಡವೇ ಬೇಡ. ಮೂರು ನಾಲ್ಕು ಚಿಂತೆಗಳಿದ್ದರೂ ಮೊದಲ ದಿನ ಮುಖ್ಯವಾದ ಒಂದನ್ನೇ ಹೇಳುವುದು ಒಳ್ಳೆಯದು.

ಮನೆಯವರ ಉತ್ತರಗಳು ಬಹುಮಟ್ಟಿಗೆ ಊಹಿಸಬಹುದಾದವು. 'ಇವನ ಅಪ್ಪನಿಗೂ ನಾಲ್ಕು ವರ್ಷಕ್ಕೆ ಬಾಯಿ ಬಂದದ್ದು' ಎಂದರೆ ವಾದಿಸಬೇಡಿ. 'ಹಾಗೆಯೂ ಇರಬಹುದು, ಪರೀಕ್ಷೆಯಿಂದ ನಷ್ಟವಿಲ್ಲವಲ್ಲ' ಎಂದರೆ ಸಾಕು. ಮಧೂರಿಗೆ ಹರಕೆ ಹೇಳಿದ್ದೇವೆ, ದೈವದ ನುಡಿ ಆಗಿದೆ, ಉಸ್ತಾದರ ಹತ್ತಿರ ಓದಿಸಿದ್ದೇವೆ ಎಂಬ ಮಾತುಗಳನ್ನು ಗೌರವದಿಂದಲೇ ಕೇಳಬೇಕು. ಹರಕೆಯೂ ಇರಲಿ, ಪರೀಕ್ಷೆಯೂ ಆಗಲಿ ಎಂಬ ಮಾತಿಗೆ ಸಾಮಾನ್ಯವಾಗಿ ಯಾರೂ ಇಲ್ಲವೆನ್ನುವುದಿಲ್ಲ. ಸಿಟ್ಟು ಬಂದರೆ ಅದು ಭಯದಿಂದ ಬಂದ ಸಿಟ್ಟು ಎಂದು ತಿಳಿದು, ಅಂದಿಗೆ ಮಾತು ನಿಲ್ಲಿಸಿ, ಇನ್ನೊಂದು ದಿನಕ್ಕೆ ಬಾಗಿಲು ತೆರೆದಿಡಬೇಕು.

ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಕಾಣುವ ಒಂದು ಭಯವಿದೆ, ಅದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದನ್ನು ಕಂಡ ಮನೆಗಳಿವೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆದ ಮೇಲೂ ಆ ನೆನಪು ಮಾಸಿಲ್ಲ. ಅಲ್ಲಿ ಶಿಕ್ಷಕಿ 'ಮಗುವಿನ ಬೆಳವಣಿಗೆ' ಎಂದು ಬಾಯಿ ತೆರೆದ ಕೂಡಲೇ ತಾಯಿಯ ಮನಸ್ಸು ಹಾಸಿಗೆ ಹಿಡಿದ ನೆರೆಮನೆಯ ಮಗುವಿನ ಕಡೆಗೆ ಹೋಗುತ್ತದೆ. 'ಇದು ಅದುವೇ?' ಎಂದು ಕೇಳಿದರೆ, ಹೌದು ಎನ್ನುವ ಅಧಿಕಾರವೂ ಅಲ್ಲ ಎನ್ನುವ ಅಧಿಕಾರವೂ ನಮಗಿಲ್ಲ. ಮಾತು ತಡವಾಗಲು, ಕಿವಿ ಕೇಳಿಸದಿರಲು ನೂರು ಕಾರಣಗಳಿವೆ, ಅವುಗಳಲ್ಲಿ ಎಷ್ಟೋ ಸರಿಪಡಿಸಬಹುದಾದವು, ಯಾವುದೆಂದು ತಿಳಿಯಲೆಂದೇ ತೋರಿಸಬೇಕು ಎಂದು ಹೇಳೋಣ. ಎಂಡೋಸಲ್ಫಾನ್ ಸಂತ್ರಸ್ತರ ಸರ್ಕಾರಿ ಪಟ್ಟಿ, ಪರಿಹಾರದ ವಿಷಯಗಳನ್ನು ಅದೇ ಮಾತುಕತೆಗೆ ಬೆರೆಸಬೇಡಿ; ಮಗುವಿನ ಚಿಕಿತ್ಸೆ ಅವುಗಳಿಗಾಗಿ ಕಾಯಬಾರದು.

ಮುಂದಿನ ದಾರಿ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮಜಾತ ದೋಷ, ರೋಗ, ಪೌಷ್ಟಿಕಾಂಶದ ಕೊರತೆ ಮತ್ತು ಬೆಳವಣಿಗೆಯ ವಿಳಂಬವನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳುಹಿಸುತ್ತದೆ. ಅಂಗನವಾಡಿ ಮಕ್ಕಳ ತಪಾಸಣೆ ವರ್ಷಕ್ಕೆ ಎರಡು ಬಾರಿ ಆಗಬೇಕೆಂಬುದು ಅದರ ನಿಯಮ. ಆದರೆ ತಂಡ ಬರುವವರೆಗೆ ಕಾಯಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಯಾವಾಗ ಬೇಕಾದರೂ ಚೀಟಿ ಪಡೆಯಬಹುದು. ಆಶಾ ಕಾರ್ಯಕರ್ತೆಯನ್ನೂ ಆರೋಗ್ಯ ಕೇಂದ್ರದ ನರ್ಸನ್ನೂ ಮನೆಯವರ ಒಪ್ಪಿಗೆ ಪಡೆದೇ ಸೇರಿಸಿಕೊಳ್ಳಬೇಕು. ಗಡಿಯ ಕಡೆಯವರಿಗೆ ಮಂಗಳೂರಿನ ಆಸ್ಪತ್ರೆಗಳೇ ಹತ್ತಿರ ಮತ್ತು ಪರಿಚಿತ. ಅಲ್ಲಿಗೆ ಹೋಗುತ್ತೇವೆಂದರೆ ಹೋಗಲಿ, ಆದರೆ ವರದಿಯ ಪ್ರತಿಯನ್ನು ಇಟ್ಟುಕೊಳ್ಳಲು ಹೇಳಿ, ಏಕೆಂದರೆ ಕೇರಳದ ಯೋಜನೆಗಳ ಸೌಲಭ್ಯಕ್ಕೆ ಮುಂದೆ ಇಲ್ಲಿನ ದಾಖಲೆ ಬೇಕಾಗುತ್ತದೆ.

ಕನ್ನಡ ಮಾತ್ರ ಓದಬಲ್ಲ ತಾಯಿಯ ಕೈಗೆ ಮಲಯಾಳಂ ಫಾರಂ ಕೊಟ್ಟು ಕಳುಹಿಸಿದರೆ ಅವಳು ದಾರಿಯಲ್ಲೇ ಸೋತಿರುತ್ತಾಳೆ. ಫಾರಂನ ಪ್ರತಿ ಸಾಲನ್ನೂ ಕೂತು ವಿವರಿಸಿ, ತುಂಬಿಸಿ ಕೊಡಿ. ಜೊತೆಗೆ ವೈದ್ಯರಿಗಾಗಿ ಒಂದು ಪುಟದ ಪತ್ರವಿರಲಿ: ಮಗುವಿನ ವಯಸ್ಸು, ಮನೆಮಾತು, ಕೇಳುವ ಬೇರೆ ಭಾಷೆಗಳು, ನಾವು ಕಂಡ ನಾಲ್ಕೈದು ಸಂಗತಿಗಳು ದಿನಾಂಕ ಸಹಿತ. ಮನೆಮಾತು ಯಾವುದೆಂದು ಬರೆಯುವುದು ಅತ್ಯಗತ್ಯ; ತುಳು ಮಾತಾಡುವ ಮಗುವನ್ನು ಮಲಯಾಳಂ ಪ್ರಶ್ನೆಗಳಿಂದ ಪರೀಕ್ಷಿಸಿದರೆ ಫಲಿತಾಂಶ ತಪ್ಪುತ್ತದೆ. ಆ ಪತ್ರವನ್ನು ಮೊದಲು ಮನೆಯವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಕೊಡಿ.

ತೂಕ, ಪೌಷ್ಟಿಕತೆಯ ವಿಷಯದಲ್ಲಿ ದಾರಿ ಸುಲಭ, ಏಕೆಂದರೆ ಬೆಳವಣಿಗೆಯ ನಕ್ಷೆ ಎದುರಿಗೇ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ, ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. 'ನೀವು ಊಟ ಕೊಡುವುದಿಲ್ಲವೇ?' ಎಂಬ ಪ್ರಶ್ನೆ ಮಾತ್ರ ಬಾಯಿಂದ ಬರಬಾರದು.

ಮನೆಯವರಿಗೆ ಮೊದಲು ಹೇಳಬಾರದ ಸಂದರ್ಭ

ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂಬ ಅನುಮಾನವಿದ್ದಾಗ ಮೇಲೆ ಹೇಳಿದ ಕ್ರಮ ಅನ್ವಯಿಸುವುದಿಲ್ಲ. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ, ತಿಳಿಸದಿರುವುದು ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಮನೆಯೊಳಗಿನವರ ಮೇಲೆಯೇ ಅನುಮಾನವಿರುವಾಗ ಅವರನ್ನು ಮೊದಲು ಕರೆದು ಕೇಳಿದರೆ ಮಗುವನ್ನೇ ಅಪಾಯಕ್ಕೆ ಒಡ್ಡಿದಂತೆ. ಮಗು ಹೇಳಿದ ಮಾತನ್ನು ಅದರದೇ ಪದಗಳಲ್ಲಿ, ಅದರದೇ ಭಾಷೆಯಲ್ಲಿ ಬರೆದಿಡಿ. ಮತ್ತೆ ಮತ್ತೆ ಪ್ರಶ್ನಿಸಬೇಡಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ.

ಮಾತನಾಡಿದ ಮೇಲೆ

ಒಂದು ವಾರ ಬಿಟ್ಟು ತಾಯಿಯನ್ನು ವಿಚಾರಿಸಿ, ಆದರೆ 'ಹೋದಿರಾ?' ಎಂದು ಲೆಕ್ಕ ಕೇಳುವ ಧಾಟಿಯಲ್ಲಿ ಬೇಡ. ಹೋಗಲು ಆಗದಿದ್ದರೆ ಏನು ಅಡ್ಡಿಯಾಯಿತು ಎಂದು ಕೇಳಿ: ಬಸ್ಸೇ, ಕೂಲಿ ತಪ್ಪುವುದೇ, ಸಣ್ಣ ಮಗುವನ್ನು ನೋಡಿಕೊಳ್ಳುವವರಿಲ್ಲದ್ದೇ, ಅಥವಾ ಮನೆಯಲ್ಲಿ ಒಪ್ಪಿಗೆ ಸಿಗದ್ದೇ. ಪ್ರತಿಯೊಂದಕ್ಕೂ ಬೇರೆ ಪರಿಹಾರ ಬೇಕು. ಸಂಪೂರ್ಣ ನಿರಾಕರಿಸಿದರೆ ಒಂದೆರಡು ತಿಂಗಳ ಬಳಿಕ ಹೊಸ ಟಿಪ್ಪಣಿಗಳೊಡನೆ ಮತ್ತೆ ಮಾತನಾಡಬೇಕು. ಅಷ್ಟರಲ್ಲಿ ಪರೀಕ್ಷೆಗೂ ಫಲಿತಾಂಶಕ್ಕೂ ಕಾಯದೆ ನಾವು ಮಾಡಬಹುದಾದ್ದು ಬಹಳವಿದೆ. ಮಗುವನ್ನು ನಮ್ಮ ಹತ್ತಿರ, ಮುಖ ಕಾಣುವಂತೆ ಕೂರಿಸುವುದು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಸನ್ನೆಯೊಡನೆ ಹೇಳುವುದು, ಉತ್ತರಕ್ಕಾಗಿ ಎಣಿಸಿ ಹತ್ತು ಕ್ಷಣ ಕಾಯುವುದು, ಇಷ್ಟರಿಂದಲೇ ಕೆಲವು ಮಕ್ಕಳಲ್ಲಿ ಬದಲಾವಣೆ ಕಾಣುತ್ತದೆ. ಆ ಬದಲಾವಣೆಯನ್ನೂ ಅದೇ ಪುಸ್ತಕದಲ್ಲಿ ಬರೆದು ತಾಯಿಗೆ ತೋರಿಸಿ.

ಜೂನ್‌ನಲ್ಲಿ ಮಗು ಒಂದನೇ ತರಗತಿಗೆ ಸೇರುವ ಮೊದಲು, ಮನೆಯವರ ಒಪ್ಪಿಗೆಯಿದ್ದರೆ, ಆ ಶಾಲೆಯ ಶಿಕ್ಷಕಿಗೆ ವಿಷಯ ತಲುಪಿಸುವುದೂ ನಮ್ಮ ಕೆಲಸವೇ. ಕನ್ನಡ ಮಾಧ್ಯಮವಾಗಲಿ ಮಲಯಾಳಂ ಮಾಧ್ಯಮವಾಗಲಿ, ಸಮಗ್ರ ಶಿಕ್ಷಾದ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ ವಿಶೇಷ ಶಿಕ್ಷಕರ ನೆರವು ಕೇಳಲು ಶಾಲೆಗೆ ಈ ಮಾಹಿತಿ ಮೊದಲೇ ಬೇಕು. ಒಂದು ಪುಟ ಸಾಕು: ಮಗುವಿನ ಮನೆಮಾತು, ಈವರೆಗೆ ಆದ ಪರೀಕ್ಷೆಗಳು, ಯಾವ ಕಿವಿಯಲ್ಲಿ ಚೆನ್ನಾಗಿ ಕೇಳಿಸುತ್ತದೆ, ಎಲ್ಲಿ ಕೂರಿಸಿದರೆ ಅನುಕೂಲ, ಅತ್ತರೆ ಯಾವುದರಿಂದ ಸಮಾಧಾನವಾಗುತ್ತದೆ. ಅದರ ಒಂದು ಪ್ರತಿ ತಾಯಿಯ ಕೈಯಲ್ಲೂ ಇರಬೇಕು.